ಬಜಾರಪ್ಪಣ್ಣನ ದಮ್ಮು, ನನ್ನ ಹೊಗಳಿಕೆ

ಕೌತಾಳಂ,
ಫೆಬ್ರವರಿ 1957, ಮಂಗಳವಾರ.

ನನ್ನ ಎದುರಾಳಿಯೂ ಅಣ್ಣನೂ ಆದ ಆದೋನಿ ಜಿನ್ನಿನ ಬಜಾರಪ್ಪನಿಗೆ, ಕೌತಾಳಂನ ಭೀಮಲಿಂಗಪ್ಪ ಮಾಡುವ ಶರಣು.

ನೀನು ಬದುಕಿದ್ದ ತನಕ ನಿನ್ನನ್ನು 'ರೀ' ಹಚ್ಚದೆ ಮಾತಾಡಿಸಿದವನಲ್ಲ ನಾನು. ನೀನು ಹೋಗಿ ಹತ್ತು ತಿಂಗಳಾದ ಮೇಲೆ ಈಗ 'ನೀನು' ಎಂದು ಬರೆಯುತ್ತಿದ್ದೇನೆ. ಗೌರವ ಕಡಿಮೆಯಾಗಿದೆ ಎಂದುಕೊಳ್ಳಬೇಡ. ಸಿಟ್ಟು ಬಂದಿದೆ, ಅಷ್ಟೆ. ಹತ್ತು ತಿಂಗಳಿಂದ ಅದೇ ಸಿಟ್ಟು. ಊಟಕ್ಕೆ ಕೂತರೂ ಮನಸ್ಸಿನಲ್ಲಿ ನಿನ್ನ ಜೊತೆ ಜಗಳವಾಡುತ್ತಿರುತ್ತೇನೆ. 'ಯಾರ ಜೋಡಿ ಮಾತಾಡಾಕ ಹತ್ತೀರಿ, ಸಾರು ಆರಾಕ ಹತ್ತೈತಿ' ಎಂದು ನನ್ನ ಹೆಂಡತಿ ಲಿಂಗಕ್ಕ ಗದರುತ್ತಾಳೆ.

ನಾಡಿದ್ದು ಗುರುವಾರ ಆದೋನಿಯ ಸರ್ಕಾರಿ ಬಂಗ್ಲೆಯಲ್ಲಿ ಪಕೀರಪ್ಪಣ್ಣನ ಅರ್ಜಿಯ ವಿಚಾರಣೆ ಇದೆ. ಹೌದು, ನಿನ್ನ ಜೋಡಿ ಪಕೀರಪ್ಪನೇ. ನಿನಗೆ ಹಿಡಿದದ್ದು ಈಗ ಅವನ ಎದೆಗೂ ಹಿಡಿದಿದೆ. ನಾನು ಸಾಕ್ಷಿ. ಅಲ್ಲಿ ನಾನು ಆಡಬೇಕೆಂದಿರುವ ಮಾತು ನಿನಗೆ ಹಿಡಿಸುವುದಿಲ್ಲ. ಬೆನ್ನ ಹಿಂದೆ ಆಡುವುದು ಸರಿಯಲ್ಲ, ಮೊದಲೇ ತಿಳಿಸಿಬಿಡೋಣ ಎಂದು ಶಾಲೆಯ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದೇನೆ.

ನಿನ್ನನ್ನು ಮೊದಲ ಸಲ ನೋಡಿದ್ದು ನೆನಪಿದೆ. 1948, ಹಾಲಹರವಿಯ ಕೆರೆಯಂಗಳ. ಕೆರೆ ಒಣಗಿತ್ತು, ಮಣ್ಣು ಮೆತ್ತಗಿತ್ತು, ಚೆಡುಗುಡು ಆಟಕ್ಕೆ ಹೇಳಿ ಮಾಡಿಸಿದ ಜಾಗ. ಹತ್ತಿಯ ಕಾಳು ಬಿಡಿಸುವ ಆದೋನಿ ಜಿನ್ನಿನ ಕೂಲಿಗಳ ತಂಡ ಹತ್ತಿಯ ಲಾರಿಯಲ್ಲಿ ಬಂದಿಳಿಯಿತು. ನಿಮ್ಮೆಲ್ಲರ ತಲೆಗೂದಲಲ್ಲಿ, ಹುಬ್ಬಿನಲ್ಲಿ ಅರಳೆಯ ಎಳೆಗಳು ಅಂಟಿಕೊಂಡಿದ್ದವು. ನಾನಾಗ ಇನ್ನೂ ಮೇಷ್ಟ್ರ ಕೆಲಸಕ್ಕೆ ಸೇರಿರಲಿಲ್ಲ, ನಮ್ಮೂರ ತಂಡದ ಜೊತೆ ಸುಮ್ಮನೆ ಹೋಗಿದ್ದೆ. ಜಿನ್ನಿನ ಬಜಾರಪ್ಪ, ಜಿನ್ನಿನ ಬಜಾರಪ್ಪ ಎಂದು ಅಷ್ಟೊಂದು ಕೇಳಿದ್ದೆನಲ್ಲ, ದೊಡ್ಡ ಗರಡಿ ಆಳು ಇಳಿಯುತ್ತಾನೆ ಎಂದುಕೊಂಡರೆ ಇಳಿದದ್ದು ನೀನು. ಕಡ್ಡಿಯಂಥ ಕಾಲು, ಒಳಕ್ಕೆ ಹೋದ ಹೊಟ್ಟೆ, ಮೊಣಕಾಲ ತನಕ ಖಾಕಿ ಚಡ್ಡಿ. ನಮ್ಮ ಕಡೆಯ ಜಂಬಯ್ಯ ನಕ್ಕುಬಿಟ್ಟ. 'ಇಂವನ್ನ ಹಿಡಿಯೋದ್ಯಾಕ, ಊದಿದ್ರ ಸಾಕಲ್ಲ' ಅಂದ.

ಆಟ ಶುರುವಾದ ಮೇಲೆ ಜಂಬಯ್ಯ ನಗಲಿಲ್ಲ. ಗೆರೆ ದಾಟಿ ಹೋಗುವ ಎಲ್ಲರೂ ಊರಿಗೆ ಕೇಳುವ ಹಾಗೆ ಚೆಡುಗುಡು ಚೆಡುಗುಡು ಎಂದು ಕೂಗುತ್ತಾರೆ. ನೀನು ಕೂಗುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯ ಮೇಲೆ ಮುನಿಸಿಕೊಂಡವನ ಹಾಗೆ ಒಂದೇ ಸಮ ಗೊಣಗುತ್ತಿದ್ದೆ. ತೀರ್ಪುಗಾರ ಕಿವಿಯ ಹಿಂದೆ ಕೈ ಇಟ್ಟುಕೊಂಡು ನಿನ್ನ ಹಿಂದೆ ಹಿಂದೆ ಓಡಾಡಬೇಕಾಗಿತ್ತು. ಗೊಣಗುತ್ತಲೇ ಮೂವರನ್ನು ಮುಟ್ಟಿ, ಆತುರವಿಲ್ಲದೆ ತಿರುಗಿ ಬಂದು, ಗೆರೆ ದಾಟಿದ ಮೇಲೂ ಎರಡು ಸಲ ಗೊಣಗಿ ನಿಲ್ಲಿಸುತ್ತಿದ್ದೆ. ಇನ್ನೂ ದಮ್ಮು ಉಳಿದಿದೆ ಎಂದು ತೋರಿಸುವುದಕ್ಕೆ! ಅದು ಜಂಬವೇ, ಅಣ್ಣ. ನಿನ್ನಲ್ಲಿದ್ದ ಜಂಬವೆಲ್ಲ ಆ ಎರಡು ಗೊಣಗಿನಲ್ಲಿತ್ತು. ಉಳಿದಂತೆ ನೀನು ತಲೆ ಎತ್ತಿ ಮಾತಾಡಿದವನಲ್ಲ.

ಇನ್ನು ಪಕೀರಪ್ಪಣ್ಣ. ಅವನ ಕೈಗೆ ಸಿಕ್ಕ ಕಾಲು ಅವನದೇ. ಹಿಡಿದು ಕೆಡವಿ, ಬಿದ್ದವನ ದಮ್ಮು ಮುರಿದ ಕೂಡಲೇ ಬಿಟ್ಟು, ಎಬ್ಬಿಸಿ ನಿಲ್ಲಿಸಿ, ಬೆನ್ನಿನ ಮಣ್ಣು ತಾನೇ ಒರೆಸುತ್ತಿದ್ದ. ಆ ದಿನ ನಮ್ಮ ಏಳೂ ಜನರ ಬೆನ್ನು ಒರೆಸಿದ. ನಾವು ಸೋತೆವು. ಬಸ್ಸಿನಲ್ಲಿ ಊರಿಗೆ ಬರುವಾಗ ನಾನು ಆಡಿದರೆ ಇವರ ಎದುರು ಆಡಬೇಕು ಎಂದು ನಿಶ್ಚಯಿಸಿಕೊಂಡೆ. ಇವರ ಜೊತೆ ಅಲ್ಲ, ಎದುರು.

ನಮ್ಮ ಕಡೆಯ ಆಟದಲ್ಲಿ ಒಂದು ರೂಢಿ ಇದೆ. ಬೇರೆ ಕಡೆಯವರಿಗೆ ಹೇಳಿದರೆ ನಗುತ್ತಾರೆ. ಆಟ ಮುಗಿದ ಮೇಲೆ ಯಾರೂ ಅಂಗಳ ಬಿಟ್ಟು ಕದಲುವ ಹಾಗಿಲ್ಲ. ಗೆದ್ದವರಲ್ಲಿ ಮುಂದಾಳು ನಡುಗೆರೆಯ ಮೇಲೆ ನಿಂತು, ಸೋತವರಲ್ಲಿ ದೊಡ್ಡ ಆಟಗಾರ ಯಾರೋ ಅವನ ಹೊಗಳಿಕೆ ಒಪ್ಪಿಸಬೇಕು. ಹಿಂದೆ ಯಾವಾಗಲೋ ಎರಡು ಊರವರು ಆಟದ ಸಿಟ್ಟನ್ನು ಮನೆಗೊಯ್ದು ಬಡಿಗೆ ಹಿಡಿದು ಹೊಡೆದಾಡಿ, ಇಬ್ಬರು ಸತ್ತ ಮೇಲೆ ಹಿರಿಯರು ಮಾಡಿದ ಕಟ್ಟಳೆಯಂತೆ. ಸೋತವನು ತಲೆ ತಗ್ಗಿಸಿ ಮನೆಗೆ ಹೋಗಬಾರದು ಎಂದು. ಹೊಗಳಿಕೆ ಇದ್ದದ್ದು ಇದ್ದ ಹಾಗೆ ಇರಬಾರದು, ಏರಿಸಿ ಹೇಳಬೇಕು. ಏರಿಸಿದ್ದು ಕಡಿಮೆಯಾದರೆ ಸುತ್ತ ನಿಂತವರು 'ಸಾಲದು! ಇನ್ನಾ ಏರ್ಸು!' ಎಂದು ಕೂಗುತ್ತಾರೆ. ಅದು ಸುಳ್ಳು ಎಂದು ಹೇಳುವವನಿಗೂ ಕೇಳುವವರಿಗೂ ಗೊತ್ತು. ಅದರಿಂದ ಯಾರಿಗೂ ಯಾವತ್ತೂ ಕೇಡಾಗಿರಲಿಲ್ಲ.

ಆರು ವರ್ಷ ನೀವೇ ಗೆದ್ದಿರಿ, ಆರು ವರ್ಷ ಹೊಗಳಿಸಿಕೊಂಡವರು ನಾವು. 1950ರಲ್ಲಿ ಮೊದಲ ಸಲ ನೀನು ನಡುಗೆರೆಯ ಮೇಲೆ ನಿಂತು ನನ್ನ ಹೆಸರು ತೆಗೆದೆ. 'ಈ ಮೇಷ್ಟ್ರು ಓಡಿದ್ರ ಇವರ ನೆರಳು ಹಿಂದ ಉಳೀತೈತ್ರಿ, ಸಂಜಿ ಮುಂದ ಮನಿಗೆ ಬಂದು ಸೇರತೈತಿ' ಅಂದೆ. ಜನ ಹೋ ಎಂದರು. ಮಾರನೆಯ ದಿನ ನಾನು ಮಕ್ಕಳಿಗೆ ಏಳರ ಮಗ್ಗಿ ತಪ್ಪು ಹೇಳಿಕೊಟ್ಟೆ. ಆಮೇಲೆ ಅಂಗಿ ಬಿಚ್ಚಿದರೂ ಆ ಮಾತು ಮೈಮೇಲೆ ಇರುತ್ತಿತ್ತು. ಕೌತಾಳಂ, ಆಲೂರು, ಮಂತ್ರಾಲಯದ ತನಕ ನನಗೆ ಹೆಸರು ಬಂದದ್ದು ನನ್ನ ಕಾಲಿನಿಂದಲ್ಲ, ನಿನ್ನ ಬಾಯಿಂದ. ನನಗೆ ಆಗ ಇದ್ದ ಆಸೆ ಒಂದೇ. ಒಂದು ಸಲ, ಒಂದೇ ಸಲ ಜಿನ್ನಿನವರನ್ನು ಗೆಲ್ಲಬೇಕು. ಗೆದ್ದರೆ ಬಜಾರಪ್ಪಣ್ಣನ ಹೊಗಳಿಕೆ ಒಪ್ಪಿಸುವ ಹಕ್ಕು ಮುಂದಾಳಾದ ನನ್ನದು. ಅದಕ್ಕಾಗಿ ಮಾತು ಕೂಡಿಸಿಟ್ಟುಕೊಂಡಿದ್ದೆ. ಹೊಲದ ಬದುವಿನ ಮೇಲೆ ನಡೆಯುತ್ತ ಒಬ್ಬನೇ ಹೇಳಿ ಹೇಳಿ ನೋಡುತ್ತಿದ್ದೆ.

ಆ ಸೋಮವಾರವೊಂದು ಬರದಿದ್ದರೆ ಚೆನ್ನಾಗಿತ್ತು. 1953, ದಸರೆಯ ಮುಂಚೆ. ಮೇಷ್ಟ್ರುಗಳ ಸಭೆಗೆಂದು ಆದೋನಿಗೆ ಬಂದವನು ನಿನ್ನನ್ನು ಕಂಡು ಹೋಗೋಣ ಎಂದು ಜಿನ್ನಿನ ಗೇಟಿಗೆ ಬಂದೆ. ನೀನು ಗೇಟಿನ ಒಳಗೆ ಹತ್ತಿಯ ಮೂಟೆಯ ಮೇಲೆ ಕೂತಿದ್ದೆ. ಬಾಯಿ ತೆರೆದಿತ್ತು. ಎರಡೂ ಕೈ ಮೊಣಕಾಲ ಮೇಲೆ ಊರಿ, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದೆ. ಪಕೀರಪ್ಪಣ್ಣ ಬೆನ್ನು ನೀವುತ್ತಿದ್ದ. ನೀನು ನನ್ನನ್ನು ನೋಡಿ 'ಬರ್ರಿ' ಎನ್ನಲು ಹೋದೆ, ಆ ಎರಡಕ್ಷರವೂ ಹೊರಡಲಿಲ್ಲ. ಪಕೀರಪ್ಪಣ್ಣನೇ ಹೇಳಿದ, 'ಸೋಮವಾರ ಹಿಂಗ ಆಗತೈತ್ರಿ ಮೇಷ್ಟ್ರ. ಭಾನುವಾರ ರಜಾ ಅಲ್ಲೇನು, ಹೊರಗಿನ ಗಾಳಿ ಕುಡಿದ ಎದಿಗೆ ಒಳಗಿನ ಧೂಳು ತಡಿಯಾಂಗಿಲ್ಲ. ಬುಧವಾರಕ್ಕ ಹತೋಟಿಗೆ ಬರತೈತಿ.' ಒಳಗೆ ಕಾಳು ಬಿಡಿಸುವ ಯಂತ್ರಗಳ ಸದ್ದು. ಬಾಗಿಲ ಬಳಿ ಬಿಸಿಲಿನ ಕೋಲಿನಲ್ಲಿ ಅರಳೆಯ ಧೂಳು ಎಷ್ಟು ದಟ್ಟವಾಗಿತ್ತೆಂದರೆ ಆಚೆ ನಿಂತವರ ಮುಖ ಕಾಣುತ್ತಿರಲಿಲ್ಲ. ನಿನಗೆ ಮಾತು ಬರುವುದಕ್ಕೆ ಅರ್ಧ ತಾಸು ಹಿಡಿಯಿತು. ಬಂದ ಮೊದಲ ಮಾತು, 'ಯಾರ ಮುಂದೂ ಹೇಳಬ್ಯಾಡ್ರಿ.' ನಾನು ಮಾತು ಕೊಟ್ಟೆ. ಎದುರಾಳಿಯ ನೋವು ಬಾಯಿಬಿಡುವುದು ಆಟಗಾರನಿಗೆ ಶೋಭೆಯಲ್ಲ ಎಂದು ನಾನೂ ನಂಬಿದ್ದೆ.

1954ರ ಪಂದ್ಯ ಭಾನುವಾರವೇ ನಡೆಯಿತು. ಆದರೆ ಸೋಮವಾರದ ಕಾಯಿಲೆ ಅಷ್ಟರಲ್ಲಿ ನಿನ್ನ ವಾರವನ್ನೆಲ್ಲ ಹಿಡಿದಿತ್ತು. ನೀನು ಗೆರೆ ದಾಟಿ ಬಂದೆ, ಗೊಣಗುತ್ತ ಬಂದೆ, ನಮ್ಮ ನಡುವೆ ಬಂದು ನಿಂತಾಗ ಗೊಣಗು ನಿಂತುಹೋಯಿತು. ಯಾರೂ ಮುಟ್ಟಿರಲಿಲ್ಲ. ಮುಟ್ಟುವಷ್ಟು ಹತ್ತಿರವಿದ್ದವನು ನಾನೊಬ್ಬನೇ. ನಿನ್ನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಆ ಕ್ಷಣ ನಾನು ನಿನ್ನ ಮೇಲೆ ಬಿದ್ದು ಅಪ್ಪಿ ಹಿಡಿದೆ, ನೆಲಕ್ಕೆ ಕೆಡವಿದೆ. ಹಿಡಿದದ್ದರಿಂದ ದಮ್ಮು ಮುರಿಯಿತು ಎಂದು ಜನ ತಿಳಿದುಕೊಳ್ಳಲಿ ಎಂದೇ ಹಾಗೆ ಮಾಡಿದೆ. ಬೀಳುವಾಗ ನನ್ನ ಮೊಣಕೈ ನಿನ್ನ ಮೂಗಿಗೆ ಬಡಿದು ಎರಡು ಹನಿ ರಕ್ತ ಬಂತು. ಎರಡೇ ಹನಿ. ನೀನು ಮಣ್ಣಿನಿಂದ ಒರೆಸಿಕೊಂಡೆ. ನಾವು ಗೆದ್ದೆವು.

ಹೊಗಳಿಕೆ ಒಪ್ಪಿಸುವ ಸರದಿ ಕೊನೆಗೂ ನನ್ನದಾಯಿತು. ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಸಪ್ಪೆ ಎನ್ನಿಸಿತು. ಜನ ಪಿಸುಗುಡುತ್ತಿದ್ದರು, ಬಜಾರಪ್ಪನ ಕಥೆ ಮುಗೀತು ಎಂದು. ಅದನ್ನು ಮುಚ್ಚಬೇಕಿತ್ತು ನನಗೆ. ಆದೋನಿ ಕೋಟೆಯನ್ನು ಒಂದೇ ದಮ್ಮಿನಲ್ಲಿ ಹತ್ತಿ ಇಳಿದವನು ಅಂದೆ. ಸಾಲದು ಅಂದರು. ಆಗ ಗಂಟಲು ಹರಿಯುವ ಹಾಗೆ ಕೂಗಿದೆ. 'ಇವತ್ತು ಬಜಾರಪ್ಪಣ್ಣನ ಎದಿ ಬಿರದ ಸದ್ದು ನಾನ ಕೇಳೀನಿ! ಮೂಗಿನಾಗ ಬಾಯಾಗ ನೆತ್ತರು ಸುರದ್ರೂ ದಮ್ಮು ಬಿಡಲಿಲ್ಲ ಈ ಮನಷ್ಯ! ಏಳು ವರ್ಷದಿಂದ ಹಿಂಗ ಆಟಕ್ಕ ಎದಿ ಸುಡಾಕ ಹತ್ಯಾನ!' ಜನ ಹುಚ್ಚೆದ್ದು ಕೂಗಿದರು. ಯಾರೋ ನಿನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಸೋತವನನ್ನು ಎತ್ತಿಕೊಂಡು ಮೆರೆಸಿದ್ದು ಅದೇ ಮೊದಲು. ಮೇಲಿಂದ ನೀನು ನನ್ನ ಕಡೆ ನೋಡಿ ಕೈ ಮುಗಿದೆ. ನಾನು ಅಷ್ಟು ಸಂತೋಷಪಟ್ಟದ್ದು ನನ್ನ ಮದುವೆಯ ದಿನವೂ ಇಲ್ಲ, ಇದನ್ನು ಲಿಂಗಕ್ಕನಿಗೆ ಹೇಳಬೇಡ.

ಮುಂದಿನದು ನಿನಗೆ ಗೊತ್ತಿರುವುದೇ. ಮರುವರ್ಷ ಜಿನ್ನಿನವರು ನಿನ್ನನ್ನು ಕೆಲಸದಿಂದ ಬಿಡಿಸಿದರು, ವಸತಿಯ ಕೋಣೆ ಖಾಲಿ ಮಾಡು ಎಂದರು. ಕೂಲಿಯವರ ಸಂಘದವರು ಸರ್ಕಾರಕ್ಕೆ ಅರ್ಜಿ ಬರೆಸಿದರು. ಈತನ ಎದೆ ಕೆಟ್ಟದ್ದು ಹತ್ತಿಯ ಧೂಳಿನಿಂದ, ಔಷಧಿಯ ಖರ್ಚು ನೋಡಿಕೊಳ್ಳಬೇಕು, ಕೋಣೆಯಿಂದ ಹೊರಗೆ ಹಾಕಬಾರದು ಎಂದು. ನನಗೆ ಇದು ಯಾವುದೂ ತಿಳಿದಿರಲಿಲ್ಲ. ನನಗೆ ತಿಳಿದದ್ದು ಇಷ್ಟೇ. ಒಂದು ದಿನ ಜಿನ್ನಿನ ಗುಮಾಸ್ತ ಸೋಮಶೇಖರಪ್ಪ ಬಸ್ಸಿಳಿದು ನಮ್ಮ ಶಾಲೆಗೆ ಬಂದ. 'ಬಜಾರಪ್ಪನ ಆಟದ ಬಗ್ಗೆ ಬರಕೊಂಡು ಹೋಗಬೇಕಾಗೈತ್ರಿ, ನಿಮ್ಮಷ್ಟು ಬಲ್ಲವರು ಯಾರೂ ಇಲ್ಲಂತ' ಅಂದ. ಅವನು ಒಂದಕ್ಷರ ಸುಳ್ಳು ಹೇಳಲಿಲ್ಲ, ಅಣ್ಣ. ಸನ್ಮಾನ ಮಾಡುತ್ತಾರೆ ಎಂದುಕೊಂಡವನು ನಾನು. ಮಕ್ಕಳನ್ನು ಆಟಕ್ಕೆ ಬಿಟ್ಟು, ಅವನಿಗೆ ಚಹಾ ತರಿಸಿ, ನಡುಗೆರೆಯ ಮೇಲೆ ಕೂಗಿದ್ದನ್ನೆಲ್ಲ ಮತ್ತೆ ಕೂಗಿದೆ. ಎದೆ ಬಿರಿದ ಸದ್ದು, ಸುರಿದ ನೆತ್ತರು, ಏಳು ವರ್ಷ ಸುಟ್ಟ ಎದೆ. ಅವನು ತೆಲುಗಿನಲ್ಲಿ ಬರೆದುಕೊಂಡು, ಓದಿ ಹೇಳಿ, ಪೆನ್ನು ಕೊಟ್ಟ. ಕೇಳುವಾಗ ಒಂದು ಕಡೆ ಇನ್ನಷ್ಟು ಏರಿಸಿದ್ದರೆ ಆಗುತ್ತಿತ್ತು ಎಂದೂ ಅನ್ನಿಸಿತು. ಚೆಂದದ ಅಕ್ಷರದಲ್ಲಿ ಸಹಿ ಮಾಡಿದೆ, ಕೆಳಗೆ 'ಉಪಾಧ್ಯಾಯರು' ಎಂದು ಬೇರೆ ಬರೆದೆ.

ಆ ಸೋಮವಾರದ್ದು ಹೇಳಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ನಿನ್ನ ಹೆಂಡತಿ ಶೇಷಮ್ಮಕ್ಕ ಬಂದಳು. ನೀನು ಕಳಿಸಿರಲಿಲ್ಲ, ನನಗೆ ಗೊತ್ತು. ಬಿಸಿಲಲ್ಲಿ ಬಸ್‌ ನಿಲ್ದಾಣದಿಂದ ನಡೆದು ಬಂದವಳು ಒಳಗೆ ಬಾರಮ್ಮ ಎಂದರೂ ಬರಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ. ಹೊಸ್ತಿಲಾಚೆ ನಿಂತೇ ಕೇಳಿದಳು. 'ನನ ಗಂಡನ ಮ್ಯಾಲ ನಿಮಗ ಏನು ಹಗಿ ಇತ್ರಿ ಮೇಷ್ಟ್ರ? ಜಿನ್ನಿನ ಧೂಳಿಂದ ಅಲ್ಲ, ಆಟ ಆಡಿ ಎದಿ ಒಡಕೊಂಡಾನ ಅಂತ ಬರಕೊಟ್ಟೀರಂತ. ಕೌತಾಳಂ ಮೇಷ್ಟ್ರ ಸಹಿ ಐತಿ, ನಿನಗೇನೂ ಸಿಗಾಂಗಿಲ್ಲ ಅಂತ ಗುಮಾಸ್ತ ನಗತಾನ.' ಏನು ಹೇಳುವುದು? ಅದು ಹೊಗಳಿಕೆಯಮ್ಮಾ ಎನ್ನುವುದೇ? ಎಂದೆ ಕೂಡ. ಆಕೆ ನನ್ನ ಮುಖ ನೋಡಿ, 'ಹೊಗಳಿಕಿ' ಅಂದಳು. ಅಷ್ಟೇ ಅಂದು ತಿರುಗಿ ಬಿಸಿಲಿಗೆ ಇಳಿದಳು. ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ವಿಚಾರಣೆಯ ದಿನ ನಾನು ಬಂದದ್ದು ಸಹಿ ಹಿಂದಕ್ಕೆ ಪಡೆಯುವುದಕ್ಕೆ. ಬಂಗ್ಲೆಯ ವರಾಂಡದ ತುಂಬ ಜಿನ್ನಿನ ಕೂಲಿಗಳು, ಹಳೆಯ ಆಟಗಾರರು, ಆಟ ನೋಡಿದವರು. ನೀನು ಗೋಡೆಯ ಬದಿಯ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದೆ. ಕರ್ನೂಲಿನಿಂದ ಬಂದ ಅಧಿಕಾರಿ ನನ್ನ ಹೇಳಿಕೆ ಓದಿಸಿದರು. ಇದು ನಿಜವಲ್ಲ ಸ್ವಾಮಿ, ನಮ್ಮ ಕಡೆ ಹೀಗೆ ಏರಿಸಿ ಹೇಳುವ ರೂಢಿ ಇದೆ ಅಂದೆ. 'ಅಂಟೇ ಮುಂದು ಚೆಪ್ಪಿಂದಿ ಅಬದ್ಧಮಾ?' ಎಂದು ಕೇಳಿದರು, ಹಾಗಾದರೆ ಮೊದಲು ಹೇಳಿದ್ದು ಸುಳ್ಳೋ ಎಂದು. ಸುಳ್ಳು ಅಂದೆ. ಹಾಗಾದರೆ ನಿಜ ಯಾವುದು, ಹೇಳಿ ಅಂದರು.

ಹೇಳಿದೆ, ಅಣ್ಣ. ನಿನ್ನ ಕಡೆ ನೋಡದೆ ಹೇಳಿದೆ. ಕೋಟೆ ಹತ್ತಿದ್ದಿಲ್ಲ, ಎದೆ ಬಿರಿದಿಲ್ಲ, ನನ್ನ ಮೊಣಕೈ ತಾಗಿ ಎರಡು ಹನಿ ರಕ್ತ ಬಂತು ಅಷ್ಟೆ. ನಾನು ಮೊದಲು ನೋಡಿದಾಗ ದಮ್ಮು ಚೆನ್ನಾಗಿತ್ತು, ಜಿನ್ನಿನ ಧೂಳಿನಲ್ಲಿ ವರ್ಷ ವರ್ಷ ಇಳಿಯಿತು, ಸೋಮವಾರ ಗೇಟಿನ ಹತ್ತಿರ ಮಾತೂ ಬರುತ್ತಿರಲಿಲ್ಲ ಅಂದೆ. 1954ರಲ್ಲಿ ನಾನು ಗೆದ್ದದ್ದು ಸುಳ್ಳು, ಹಿಡಿಯುವ ಮೊದಲೇ ಆತನ ದಮ್ಮು ನಿಂತಿತ್ತು, ಆಗಲೇ ಆತ ಆಟಗಾರನಾಗಿ ಉಳಿದಿರಲಿಲ್ಲ ಅಂದೆ. ಅಧಿಕಾರಿ ಬರೆದುಕೊಳ್ಳುತ್ತಿದ್ದರು. ಸೋಮಶೇಖರಪ್ಪನ ಮುಖ ಸಣ್ಣದಾಯಿತು. ಶೇಷಮ್ಮಕ್ಕ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದಳು. ಕೆಲಸ ಆಯಿತು ಎಂದುಕೊಂಡೆ.

ಆಗ ನೀನು ಎದ್ದೆ. ಯಾಕೆ ಎದ್ದೆ? ನಾನು ಹತ್ತು ತಿಂಗಳಿಂದ ಕೇಳುತ್ತಿರುವುದು ಇದೊಂದೇ. ಗೋಡೆ ಹಿಡಿದು ಎದ್ದೆ. ಶೇಷಮ್ಮಕ್ಕ ಕಂಬಳಿಯ ತುದಿ ಹಿಡಿದು ಜಗ್ಗಿದಳು, ಕೂಡ್ರು, ಕೂಡ್ರು ಎಂದು. ಕಂಬಳಿ ಆಕೆಯ ಕೈಯಲ್ಲೇ ಉಳಿಯಿತು. ಬರಿಮೈಯಲ್ಲಿ ನಿಂತು ನೀನು ಅಧಿಕಾರಿಗೆ ಹೇಳಿದೆ, 'ಸುಳ್ಳು ಸ್ವಾಮಿ. ಮೇಷ್ಟ್ರು ನನ್ನ ಮ್ಯಾಲಿನ ಮರುಕಕ್ಕ ಸುಳ್ಳು ಹೇಳಾಕ ಹತ್ಯಾರ. ಮೊದಲ ಬರಕೊಟ್ಟದ್ದ ಖರೆ. ನೆತ್ತರು ಬಂದಿತ್ತು. ನನ್ನ ದಮ್ಮು ನನಗ ಗೊತ್ತಿಲ್ಲೇನು? ಇವರು ಹಿಡಿದ್ರಂತನ ಮುರೀತು. ಇಲ್ಲಂದ್ರ ಮುರೀತಿದ್ದಿಲ್ಲ.' ಅಷ್ಟು ಉದ್ದದ ಮಾತು ಹೇಳುವಷ್ಟು ಉಸಿರು ನಿನಗೆ ಎಲ್ಲಿಂದ ಬಂತೋ. ಹೇಳಿ ಮುಗಿಸಿ ಕುಸಿದೆ. ಹಿಂದೆ ನಿಂತಿದ್ದವರಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಆ ಮೂರ್ಖ ಯಾರೆಂದು ನನಗೆ ಇವತ್ತಿಗೂ ತಿಳಿಯದು, ತಿಳಿದರೆ ಬಿಡುವುದಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟರು. ಅರ್ಜಿದಾರನೇ ಒಪ್ಪಿಕೊಂಡ ಮೇಲೆ ಅವರು ತಾನೇ ಏನು ಮಾಡಿಯಾರು. ಹೊರಗೆ ಬೇವಿನ ಮರದ ಕೆಳಗೆ ನಿನ್ನನ್ನು ಕೂರಿಸಿದಾಗ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ನೀನು ನನ್ನ ಕೈ ಹಿಡಿದುಕೊಂಡು ನಕ್ಕೆ. 'ಸೋಲಿಸಿದ್ರಿ, ಅದು ಸರಿ ಮೇಷ್ಟ್ರ. ಆದ್ರ ಅಷ್ಟು ಮಂದಿ ಮುಂದ ಬಜಾರಪ್ಪ ಇದ್ದಿದ್ದ ಇಲ್ಲ ಅಂದ್ರ ಹೆಂಗ್ರಿ? ನನಗ ಮತ್ತೇನೈತಿ?' ನಿನ್ನ ಜೊತೆ ನಾನು ಆಡಿದ ಕೊನೆಯ ಮಾತು ಯಾವುದು ಗೊತ್ತೇನು? 'ನೀರು ತರಿಸಲೇನ್ರಿ' ಎಂದದ್ದು.

ಎರಡು ತಿಂಗಳೂ ಆಗಲಿಲ್ಲ. ಶೇಷಮ್ಮಕ್ಕನ ತವರು ಹಾಲಹರವಿಯಲ್ಲಿ ನೀನು ಹೋದೆ. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಕೊನೆಯ ಮೂರು ದಿನ ಮಲಗಲಿಕ್ಕೂ ಆಗದೆ ಕೂತೇ ಇದ್ದೆಯಂತೆ, ಪಕೀರಪ್ಪಣ್ಣ ಹೇಳಿದ. ಊರಲ್ಲಿ ಎಲ್ಲರೂ ನಿನ್ನ ಕಥೆ ಹೇಳುತ್ತಾರೆ. ಬಂಗ್ಲೆಯಲ್ಲಿ ಅಧಿಕಾರಿಯ ಮುಂದೆ ಎದ್ದು ನಿಂತ ಗಂಡಸು ಎನ್ನುತ್ತಾರೆ. ಅದನ್ನೂ ಏರಿಸಿಬಿಟ್ಟಿದ್ದಾರೆ, ನೀನು ಮೇಜು ಗುದ್ದಿದೆಯಂತೆ. ಗಂಡಸಿನ ಹೆಂಡತಿ ಈಗ ಏನು ಮಾಡುತ್ತಾಳೆ ಎಂದು ಯಾರೂ ಕೇಳುವುದಿಲ್ಲ. ನಾನು ಹೇಳುತ್ತೇನೆ, ಕೇಳು. ಅದೇ ಜಿನ್ನಿನಲ್ಲಿ, ಹತ್ತಿಯಲ್ಲಿನ ಕಸಕಡ್ಡಿ ಆರಿಸುವ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡಿರುತ್ತಾಳೆ. ಹೋದ ತಿಂಗಳು ಗೇಟಿನ ಹತ್ತಿರ ನೋಡಿದೆ. ಅವತ್ತೂ ಸೋಮವಾರವೇ. ಆಕೆ ಕೆಮ್ಮುತ್ತಿದ್ದಳು. ನಿನ್ನ ಹೆಸರು ಉಳಿಯಿತಲ್ಲ, ತೃಪ್ತಿಯೇ?

ಬಿರುಸಾಗಿ ಬರೆದೆ. ಹೊಡೆದುಹಾಕುವುದಿಲ್ಲ. ನಿನಗೆ ಆ ಹೆಸರು ಕೊಟ್ಟವನೂ, ಅದನ್ನು ಅಷ್ಟು ಮಂದಿಯ ಮುಂದೆ ಕಿತ್ತುಕೊಳ್ಳಲು ಬಂದವನೂ ನಾನೇ. ನಿನ್ನನ್ನು ಒಂದು ಮಾತು ಕೇಳದೆ ಎರಡನ್ನೂ ಮಾಡಿದೆ. ಬಂಗ್ಲೆಗೆ ಬರುವ ಮೊದಲು ನಿನ್ನ ಕೋಣೆಗೆ ಬಂದು, ಹೀಗೆ ಹೇಳುತ್ತೇನೆ ಅಣ್ಣಾ, ಸುಮ್ಮನೆ ಕೂತಿರು ಎಂದು ಕಾಲು ಹಿಡಿದಿದ್ದರೆ ನೀನು ಕೂತಿರುತ್ತಿದ್ದೆಯೋ ಏನೋ. ನನಗೆ ಮುಖ ತೋರಿಸಲು ನಾಚಿಕೆಯಾಗಿತ್ತು. ಈ ಕಾಗದ ಆಗಲೇ ಬರೆಯಬೇಕಿತ್ತು.

ಮೊನ್ನೆ ಭಾನುವಾರ ಪಕೀರಪ್ಪಣ್ಣ ಮನೆಗೆ ಬಂದಿದ್ದ. ಬಸ್ಸಿಳಿದು ನಮ್ಮ ಮನೆಯ ತನಕ ಬರಲು ನಾಲ್ಕು ಕಡೆ ಕೂತನಂತೆ. ಒಂದು ಕಾಲದಲ್ಲಿ ನಮ್ಮ ಏಳು ಜನರನ್ನು ಕೆಡವಿದವನು ಚಹಾದ ಲೋಟವನ್ನು ಎರಡೂ ಕೈಯಿಂದ ಹಿಡಿದು ಕುಡಿದ. ನಾನೇ ಮೊದಲು ಹೇಳಿದೆ, ನಿನಗಾಗಿ ಏನು ಬೇಕಾದರೂ ಹೇಳುತ್ತೇನಣ್ಣ ಎಂದು. ಅವನು ಲೋಟ ಕೆಳಗಿಟ್ಟು ಎರಡೂ ಕೈ ಜೋಡಿಸಿದ. 'ಒಂದ ಬೇಡತೀನ್ರಿ ಮೇಷ್ಟ್ರ, ನನ್ನ ಹೊಗಳಬ್ಯಾಡ್ರಿ. ಕೈಲಾಗದಾಂವ ಅನ್ರಿ, ಬಜಾರಪ್ಪನ ನೆರಳಿನಾಗ ಇದ್ದಾಂವ ಅನ್ರಿ, ಹೆಂಗರ ಅನ್ರಿ. ನಾ ಬಾಯಿ ತೆರಿಯಾಂಗಿಲ್ಲ. ಸುಂಕಲಮ್ಮ ಇನ್ನಾ ಸಣ್ಣಾಕಿ, ಆಕಿ ಮದುವಿ ನೋಡಬೇಕು ನಾನು.' ಸುಂಕಲಮ್ಮ ಅವನ ಮಗಳು, ನಿನ್ನ ತೊಡೆಯ ಮೇಲೆ ಆಡಿದವಳು. ಜಿನ್ನಿನವರು ಈ ಸಲವೂ ಅದೇ ಹೇಳುತ್ತಾರಂತೆ. ಧೂಳಿನಿಂದ ಯಾರ ಎದೆಯೂ ಕೆಡುವುದಿಲ್ಲ, ಬಜಾರಪ್ಪನೇ ಅಧಿಕಾರಿಯ ಎದುರು ಒಪ್ಪಿಕೊಂಡಿದ್ದಾನೆ, ಆಟದಿಂದ ಕೆಟ್ಟದ್ದೆಂದು. ನಿನ್ನ ಆ ಮಾತನ್ನು ಕಾಗದದಲ್ಲಿ ಬರೆದು ಇಟ್ಟುಕೊಂಡಿದ್ದಾರೆ. ಪಕೀರಪ್ಪಣ್ಣ ಬದುಕಬೇಕಾದರೆ ಮೊದಲು ನಿನ್ನ ಮಾತು ಬೀಳಬೇಕು.

ಹಾಗಾಗಿ ಗುರುವಾರ ನಾನು ಪಕೀರಪ್ಪಣ್ಣನಿಗಿಂತ ಮೊದಲು ನಿನ್ನ ವಿಷಯ ಹೇಳುತ್ತೇನೆ. ಬಜಾರಪ್ಪನ ದಮ್ಮು ಎಲ್ಲರ ದಮ್ಮಿನಂಥದೇ, ಧೂಳು ಅದನ್ನು ತಿಂದಿತು, ಕೊನೆಯಲ್ಲಿ ಅವನು ಹೇಳಿದ್ದು ಮಾನಕ್ಕೆ ಅಂಜಿ ಆಡಿದ ಸುಳ್ಳು ಎಂದು ಹೇಳುತ್ತೇನೆ. ನಿನ್ನನ್ನು ಸುಳ್ಳುಗಾರ ಎಂದು ಕರೆಯುತ್ತೇನೆ, ವರಾಂಡದ ತುಂಬ ಮಂದಿ ಇರುವಾಗ. ಅವರು ನನ್ನನ್ನು ಉಗಿಯಬಹುದು, ಕಲ್ಲು ತೂರಬಹುದು. ಬಜಾರಪ್ಪಣ್ಣನನ್ನು ಸತ್ತ ಮೇಲೂ ಸೋಲಿಸಲು ಬಂದ ಎನ್ನಬಹುದು. ಎನ್ನಲಿ. ನನಗೆ ಅದರ ಅಂಜಿಕೆ ಇಲ್ಲ. ಮಾತು ನಡುವೆ ನಿಲ್ಲಿಸಿ ಗೋಡೆಯ ಬದಿಯ ಆ ಬೆಂಚಿನ ಕಡೆ ನೋಡಿಬಿಡುತ್ತೇನೇನೋ ಎಂಬ ಅಂಜಿಕೆ ಮಾತ್ರ ಇದೆ.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸುವವನಲ್ಲ, ಈ ವಿಷಯದಲ್ಲಂತೂ ಅಲ್ಲ. ಹೋದ ಕಡೆ ಗಾಳಿ ಶುದ್ಧವಾಗಿರಲಿ, ಅಣ್ಣ. ಹೊಟ್ಟೆ ತುಂಬ ಉಸಿರಾಡು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ನಿನ್ನನ್ನು ಸಾಮಾನ್ಯ ಮನುಷ್ಯನನ್ನಾಗಿ ಮಾಡುತ್ತೇನೆ. ಈ ಸಲ ಎದ್ದು ನಿಂತು 'ಸುಳ್ಳು' ಎನ್ನಲು ನೀನಿರುವುದಿಲ್ಲ.

ನಿನ್ನ ಎದುರು ಆಡಿದ್ದೇ ಭಾಗ್ಯ ಎಂದುಕೊಂಡಿರುವ,
ಭೀಮಲಿಂಗಪ್ಪ, ಕೌತಾಳಂ.